ಕಿರುಚಿತ್ರದ ಪಿಚ್‌ಗೆ ಅಭಿಪ್ರಾಯ ಹೇಳುವುದು: ಈ ಸಲದ ಮೂರು ಕಥೆಗಳು

ರಥಬೀದಿ (ನಿರ್ವಾಹಕರು)

ಈ ಸಲ ಮೂರು ಪಿಚ್ (ತೆಗೆಯಬೇಕೆಂದಿರುವ ಚಿತ್ರದ ಕಥೆಯನ್ನು ಕೆಲವೇ ಸಾಲಿನಲ್ಲಿ ಹೇಳುವ ಬರಹ) ಬಂದಿದೆ. ಮೂರೂ ನಮ್ಮ ಕಡೆಯ ಕಥೆಗಳು, ಮೂರೂ 15 ನಿಮಿಷದ ಒಳಗಿನವು. ಬರೆದವರ ಹೆಸರು ತೆಗೆದಿದ್ದೇನೆ, ಬೇಕಾದರೆ ಅವರೇ ಬಂದು ಮಾತಾಡಬಹುದು.

ಕಮೆಂಟ್ ಹಾಕುವ ಮೊದಲು ಒಂದು ಕೆಲಸ ಮಾಡಿ. ಪಿಚ್ ಒಮ್ಮೆ ಓದಿ, ಮುಚ್ಚಿಟ್ಟು, ನಿಮಗೆ ಅರ್ಥವಾದ ಕಥೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ಯಾರು, ಅವರಿಗೆ ಎಂತ ಬೇಕು, ಯಾವುದು ಅಡ್ಡ ಬರುತ್ತದೆ, ಕೊನೆಗೆ ಎಂತ ಆಗುತ್ತದೆ. ಆ ವಾಕ್ಯವೇ ನಿಮ್ಮ ಕಮೆಂಟಿನ ಮೊದಲ ಸಾಲು. ತಲೆಯಲ್ಲಿರುವ ಕಥೆ ಬೇರೆ, ಕಾಗದಕ್ಕೆ ಇಳಿದ ಕಥೆ ಬೇರೆ ಆಗಿರುತ್ತದೆ, ಬರೆದವರಿಗೆ ಅದು ತಾನಾಗಿ ಕಾಣುವುದಿಲ್ಲ. ಎರಡನೇ ಸಲ ಓದುವಾಗ ಎಲ್ಲಿ ಮನಸ್ಸು ಜಾರಿತೋ, ಎಲ್ಲಿ ನಂಬಲು ಕಷ್ಟವಾಯಿತೋ ಆ ಸಾಲನ್ನೇ ಎತ್ತಿ ತೋರಿಸಿ. "ಚೆನ್ನಾಗಿದೆ", "ಇನ್ನೂ ಸ್ವಲ್ಪ ಕೆಲಸ ಮಾಡಿ" ಎಂದು ಬರೆದರೆ ಅವರಿಗೆ ಏನೂ ಸಿಗುವುದಿಲ್ಲ. "ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ" ಎಂದು ಶುರು ಮಾಡಿದರೆ ಅದು ನಿಮ್ಮ ಕಥೆ ಆಗುತ್ತದೆ, ಅವರದ್ದಲ್ಲ.

ಪಿಚ್ 1, ಮಲ್ಪೆ, 12 ನಿಮಿಷ: "ಮೀನುಗಾರಿಕಾ ಬೋಟಿನ ಕಲಾಸಿಗೆ (ಕೆಲಸದಾಳಿಗೆ) ಸಾಲ ಇರುತ್ತದೆ. ಮಳೆಗಾಲದಲ್ಲಿ ಕೆಲಸ ಇರುವುದಿಲ್ಲ. ಮಗಳ ಶಾಲೆಯ ಫೀಸಿಗಾಗಿ ಅವನು ಎಂದೂ ಮಾಡದ ಕೆಲಸವೊಂದಕ್ಕೆ ಕೈ ಹಾಕುತ್ತಾನೆ. ಕೊನೆಗೆ ಸಮುದ್ರವೇ ಅವನಿಗೆ ಉತ್ತರ ಕೊಡುತ್ತದೆ."

ಪಿಚ್ 2, ಉಳ್ಳಾಲ, 10 ನಿಮಿಷ: "ಬೀಡಿ ಕಟ್ಟಿ ಬದುಕಿದ ಅಜ್ಜಿಗೆ ಈಗ ಕೈ ನಡುಕ. ಬೀಡಿ ಕಂಪನಿಯ ಬ್ರಾಂಚ್‌ನಲ್ಲಿ ಅವಳ ಬೀಡಿ ವಾಪಸ್ ಬರತೊಡಗುತ್ತದೆ. ಹನ್ನೊಂದು ವರ್ಷದ ಮೊಮ್ಮಗಳು ಅಜ್ಜಿ ಮಲಗಿದ ಮೇಲೆ ಗುಟ್ಟಾಗಿ ಕಟ್ಟಿ, ಅಜ್ಜಿಯ ಬೀಡಿಯ ಜೊತೆ ಸೇರಿಸುತ್ತಾಳೆ. ಒಂದು ದಿನ ಅಜ್ಜಿಗೆ ಗೊತ್ತಾಗುತ್ತದೆ."

ಪಿಚ್ 3, ಉಡುಪಿ, 15 ನಿಮಿಷ: "ಯಕ್ಷಗಾನ ಮೇಳದ ಹಿರಿಯ ಬಣ್ಣದ ವೇಷಧಾರಿಯ ಕೊನೆಯ ಆಟ (ಪ್ರದರ್ಶನ). ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಚುಟ್ಟಿ ಇಡುತ್ತಾ ಇಡೀ ಬದುಕು ನೆನಪಾಗುತ್ತದೆ. ಸಾವಿರ ಜನರ ಎದುರು ಕುಣಿಯುತ್ತಾನೆ. ಬೆಳಗ್ಗೆ ಮಲ್ಪೆ ಕಡಲಿನಿಂದ ಸೂರ್ಯ ಮೇಲೇರುವಾಗ ಡ್ರೋನ್ ಶಾಟ್. ಅವನು ಹಿಂದಿನ ದಿನವೇ ತೀರಿಕೊಂಡಿದ್ದ ಎಂದು ಆಗ ನಮಗೆ ತಿಳಿಯುತ್ತದೆ."

ಧಕ್ಕೆಬದಿ

ಪಿಚ್ 1. ನನಗೆ ಅರ್ಥವಾದದ್ದು: ಒಬ್ಬ ಕಲಾಸಿ ದುಡ್ಡಿಗಾಗಿ ಏನೋ ಮಾಡುತ್ತಾನೆ, ಅದಕ್ಕೆ ಏನೋ ಆಗುತ್ತದೆ. ಎರಡು "ಏನೋ" ಬಂದದ್ದು ನೋಡಿ. ಕಥೆ ಇರುವುದು ಆ ಎರಡು ಜಾಗದಲ್ಲೇ, ಬರೆದವರು ಅದೆರಡನ್ನೇ ಮುಚ್ಚಿಟ್ಟಿದ್ದಾರೆ. ಟ್ರೇಲರ್‌ನಲ್ಲಿ ಮುಚ್ಚಿಡಬಹುದು, ಪಿಚ್‌ನಲ್ಲಿ ಕೊನೆಯನ್ನೂ ಹೇಳಲೇಬೇಕು. ದುಡ್ಡು ಹಾಕುವವರು, ಕ್ಯಾಮೆರಾ ಹಿಡಿಯುವವರು ಎಲ್ಲರೂ ಕೊನೆ ಗೊತ್ತಾದ ಮೇಲೆಯೇ ಹೂಂ ಅಥವಾ ಊಹುಂ ಹೇಳುವುದು.

ಇನ್ನು "ಕೆಲಸ ಇರುವುದಿಲ್ಲ" ಎಂಬ ಸಾಲು. ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರ ತನಕ, 61 ದಿನ. ಆದರೆ ಆ ಸಮಯದಲ್ಲಿ ನಾಡದೋಣಿಯವರು ಹೋಗುತ್ತಾರೆ. ದಡದಲ್ಲಿ ಬಲೆ ಸರಿ ಮಾಡುವ ಕೆಲಸ ಉಂಟು, ಬೋಟಿಗೆ ಪೈಂಟ್ ಹೊಡೆಯುವುದು ಉಂಟು. ಹಾಗಾಗಿ ಮಲ್ಪೆಯ ಪ್ರೇಕ್ಷಕ ಮೊದಲ ನಿಮಿಷದಲ್ಲೇ "ಇವನು ಬಲೆ ಕೆಲಸಕ್ಕೆ ಯಾಕೆ ಹೋಗುದಿಲ್ಲ?" ಎಂದು ಕೇಳುತ್ತಾನೆ. ಹೋಗುತ್ತಾನೆ, ಆದರೆ ಆ ಕೂಲಿ ಸಾಲುವುದಿಲ್ಲ ಎಂದು ಒಂದು ಸಾಲು ಸೇರಿಸಿದರೆ ಪ್ರಶ್ನೆ ಮುಗಿಯಿತು. ಸಾಲ, ಫೀಸು ಎರಡೂ ಬೇಕಾ? ಒಂದು ಸಾಕು. ಶಾಲೆ ಶುರುವಾಗುವುದು, ನಿಷೇಧ ಶುರುವಾಗುವುದು ಹೆಚ್ಚುಕಡಿಮೆ ಒಟ್ಟಿಗೆ. ಫೀಸನ್ನೇ ಇಟ್ಟುಕೊಂಡರೆ ಗಡುವು ತಾನಾಗಿ ಸಿಗುತ್ತದೆ.

ಎಡಿಟ್‌ಟೇಬಲ್

ಧಕ್ಕೆಬದಿಯವರು ಹೇಳಿದ್ದನ್ನು ಬೇರೆ ಕಡೆಯಿಂದ ಹೇಳುತ್ತೇನೆ. ಯಾವುದೇ ಪಿಚ್ ಕೈಗೆ ಬಂದರೂ ಪೆನ್ಸಿಲ್ ತೆಗೆದುಕೊಂಡು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಕ್ಯಾಮೆರಾಕ್ಕೆ ಕಾಣುವಂಥದ್ದು ಎಷ್ಟು? ಪಿಚ್ 1ರಲ್ಲಿ "ಸಾಲ ಇರುತ್ತದೆ" ಕಾಣುವುದಿಲ್ಲ, "ಕೆಲಸ ಇರುವುದಿಲ್ಲ" ಕಾಣುವುದಿಲ್ಲ, "ಕೈ ಹಾಕುತ್ತಾನೆ" ಯಾವುದಕ್ಕೆಂದು ಗೊತ್ತಿಲ್ಲ, "ಉತ್ತರ ಕೊಡುತ್ತದೆ" ತೆಗೆಯಲು ಬರುವುದಿಲ್ಲ. ಒಂದೂ ಇಲ್ಲ. ಪಿಚ್ 2ರಲ್ಲಿ ಕೈ ನಡುಗುವುದು, ಬೀಡಿ ವಾಪಸ್ ಬರುವುದು, ಗುಟ್ಟಾಗಿ ಕಟ್ಟುವುದು, ಸೇರಿಸುವುದು: ನಾಲ್ಕೂ ಕಾಣುತ್ತದೆ. ಪಿಚ್ 2 ಓದುವಾಗ ಸಿನಿಮಾ ಕಣ್ಣೆದುರು ಬರುವುದು ಇದರಿಂದ. ಭಾಷೆ ಚಂದ ಇದೆ, ಇಲ್ಲ ಎಂಬುದು ಆಮೇಲಿನ ಮಾತು.

ಉದ್ದದ ಲೆಕ್ಕವನ್ನೂ ಅಭಿಪ್ರಾಯದಲ್ಲಿ ಹೇಳಿ. ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. 12 ನಿಮಿಷ ಎಂದರೆ 12 ಪುಟ, ಅದರಲ್ಲಿ ಶೀರ್ಷಿಕೆಗೆ, ಕೊನೆಯ ಹೆಸರುಗಳಿಗೆ ಒಂದು ನಿಮಿಷ ಹೋಯಿತು. ಉಳಿದದ್ದರಲ್ಲಿ ಏಳೆಂಟು ದೃಶ್ಯ ಹಿಡಿಸಬಹುದು. ಪಿಚ್ 3ರಲ್ಲಿ "ಇಡೀ ಬದುಕು ನೆನಪಾಗುತ್ತದೆ" ಎಂಬ ಒಂದು ಸಾಲಿಗೇ ಏಳೆಂಟು ದೃಶ್ಯ ಬೇಕು. ಬಾಲ್ಯ, ಗುರು, ಮದುವೆ, ಮೇಳ ಬಿಟ್ಟದ್ದು... ಪ್ರತಿಯೊಂದಕ್ಕೂ ಬೇರೆ ವಯಸ್ಸಿನ ನಟ, ಬೇರೆ ಮನೆ. ಇದು 15 ನಿಮಿಷಕ್ಕೆ ಹಿಡಿಸುವ ಕಥೆ ಅಲ್ಲ.

ಕೊಟ್ಟೆಕಡುಬು

ಪಿಚ್ 2ರ ಬಗ್ಗೆ. ಒಂದು ವಾಕ್ಯದಲ್ಲಿ: ಮೊಮ್ಮಗಳು ಅಜ್ಜಿಯ ಮಾನ ಉಳಿಸಲು ಗುಟ್ಟಾಗಿ ಬೀಡಿ ಕಟ್ಟುತ್ತಾಳೆ, ಗುಟ್ಟು ಬಯಲಾಗುತ್ತದೆ. ಆಮೇಲೆ? ಅಲ್ಲಿಗೆ ಪಿಚ್ ನಿಂತುಬಿಟ್ಟಿದೆ. ಅಜ್ಜಿ ಬೈಯುತ್ತಾಳಾ, ತಡ್ಪೆ (ಬೀಡಿ ಕಟ್ಟುವ ಮೊರ) ಎತ್ತಿ ಅಟ್ಟಕ್ಕೆ ಹಾಕುತ್ತಾಳಾ, ಗೊತ್ತಿಲ್ಲದವಳ ಹಾಗೆ ಇರುತ್ತಾಳಾ?

ಅದಕ್ಕಿಂತ ಮುಖ್ಯವಾದ ತೊಡಕು ಬೀಡಿಯಲ್ಲೇ ಉಂಟು. ಎಲೆ ನೆನೆಸಿ, ಅಳತೆಯ ತಗಡಿಟ್ಟು ಕತ್ತರಿಸಿ, ತಂಬಾಕು ಹರಡಿ, ಸುತ್ತಿ, ಬಾಯಿ ಮಡಚಿ, ನೂಲು ಸುತ್ತುವುದು. ಇದರಲ್ಲಿ ಬಾಯಿ ಮಡಚುವುದು ಒಬ್ಬೊಬ್ಬರದ್ದು ಒಂದೊಂದು ತರ. ಹೆಬ್ಬೆರಳಿನ ಒತ್ತು ಎಲ್ಲಿ ಬಿತ್ತು, ನೂಲು ಎಷ್ಟು ಬಿಗಿ ಎಂದು ನೋಡಿದರೆ ಇಡೀ ಆಯುಷ್ಯ ಕಟ್ಟಿದವರಿಗೆ ತನ್ನ ಬೀಡಿ ಯಾವುದು, ಬೇರೆಯವರದ್ದು ಯಾವುದು ಎಂದು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಅದೂ ಹನ್ನೊಂದು ವರ್ಷದ ಮಗುವಿನ ಬೆರಳು ಚಿಕ್ಕದು, ಸುತ್ತು ಸಡಿಲ. "ಒಂದು ದಿನ ಅಜ್ಜಿಗೆ ಗೊತ್ತಾಗುತ್ತದೆ" ಎಂದರೆ ನಂಬಲು ಆಗುದಿಲ್ಲ. ಮರುದಿನ ಬೆಳಗ್ಗೆ ಕಟ್ಟು ಕೈಗೆ ತೆಗೆದುಕೊಂಡಾಗಲೇ ಗೊತ್ತಾಗಬೇಕು. ಆದ್ದರಿಂದ ಅಜ್ಜಿ ಮೊದಲ ದಿನದಿಂದಲೇ ಗೊತ್ತಿದ್ದೂ ಸುಮ್ಮನಿರುವ ಹಾಗೆ ಮಾಡಿ, ಕೊನೆಗೆ ಮೊಮ್ಮಗಳು ಕಟ್ಟಿದ್ದನ್ನೆಲ್ಲ ಬ್ರಾಂಚ್‌ಗೆ ಕೊಡದೆ ಡಬ್ಬದಲ್ಲಿ ತೆಗೆದಿಟ್ಟದ್ದನ್ನು ತೋರಿಸಿ.

ರಥಬೀದಿ (ನಿರ್ವಾಹಕರು)

ಕೊಟ್ಟೆಕಡುಬು ಅಕ್ಕಾ, ಬಾಯಿ ಮಡಚುವ ವಿಷಯ ಬಂಗಾರದಂಥ ಮಾಹಿತಿ. ಆದರೆ ಕೊನೆಯ ವಾಕ್ಯದಲ್ಲಿ ನೀವು ಕಥೆ ಬರೆದುಕೊಟ್ಟಿರಿ. ಡಬ್ಬದ ಕೊನೆ ಚಂದ ಉಂಟು, ತೊಂದರೆ ಇರುವುದೂ ಅಲ್ಲೇ. ಬರೆದವರು ಇನ್ನು ಅದನ್ನು ಮರೆಯಲೂ ಆಗುದಿಲ್ಲ, ತಮ್ಮದೆಂದು ಬಳಸಲೂ ಆಗುದಿಲ್ಲ. ಅದೇ ವಿಷಯವನ್ನು ಪ್ರಶ್ನೆಯಾಗಿ ಕೇಳಿದರೆ ಸಾಕಿತ್ತು: "ಅಜ್ಜಿ ತನ್ನ ಬೀಡಿಯನ್ನು ಮುಟ್ಟಿಯೇ ಗುರುತಿಸುತ್ತಾಳೆ. ಹಾಗಾದರೆ ಅವಳಿಗೆ ಯಾವಾಗ ಗೊತ್ತಾಗುತ್ತದೆ? ಗೊತ್ತಾದ ಮೇಲೂ ಏನಕ್ಕೆ ಸುಮ್ಮನಿದ್ದಳು?" ಮಾಹಿತಿ ಪೂರ್ತಿ ಕೊಟ್ಟ ಹಾಗಾಯಿತು, ಉತ್ತರ ಹುಡುಕುವ ಕೆಲಸ ಅವರಿಗೇ ಉಳಿಯಿತು.

ಕೊಟ್ಟೆಕಡುಬು

ಆ ಪ್ರಶ್ನೆ ಒಳ್ಳೆಯದು. ಆದರೆ ಎಲ್ಲ ಸಲ ಪ್ರಶ್ನೆ ಮಾತ್ರ ಕೇಳಿದರೆ ಬರೆದವರಿಗೆ ಪರೀಕ್ಷೆ ಬರೆದ ಹಾಗೆ ಆಗುತ್ತದೆ ಮಾರಾಯ್ರೆ. ಹೊಸಬರಿಗೆ ಒಂದು ದಾರಿ ತೋರಿಸಿದರೆ ಅವರು ಎರಡನೇ ದಾರಿ ತಾವೇ ಹುಡುಕುತ್ತಾರೆ.

ಎಡಿಟ್‌ಟೇಬಲ್

ಉದಾಹರಣೆ ಕೊಡಲೇಬೇಕಾದರೆ ಒಂದು ಕೊಡಬೇಡಿ, ಒಂದಕ್ಕೊಂದು ವಿರುದ್ಧವಾದ ಎರಡು ಕೊಡಿ. "ಅಜ್ಜಿ ಅದೇ ದಿನ ಕೇಳಿಬಿಟ್ಟರೆ ಕಥೆ ಮೊಮ್ಮಗಳದ್ದು, ಸುಮ್ಮನಿದ್ದರೆ ಕಥೆ ಅಜ್ಜಿಯದ್ದು." ಬರೆದವರು ಯಾರ ಕಥೆ ಹೇಳಬೇಕೆಂದಿದ್ದಾರೋ ಅದನ್ನು ಆರಿಸಿಕೊಳ್ಳುತ್ತಾರೆ.

ಹಂಚಿನಮಾಡು

ಕಥೆಯ ಸಮಸ್ಯೆ, ಶೂಟಿಂಗ್ ಸಮಸ್ಯೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ. ಕಥೆಯ ಮಾತು ಮುಗಿಸಿ, ಸಾಲು ಬಿಟ್ಟು, "ತೆಗೆಯುವಾಗ ಗಮನಿಸಬೇಕಾದ್ದು" ಎಂದು ಬೇರೆಯೇ ಬರೆಯಿರಿ. ಇಲ್ಲದಿದ್ದರೆ "ಇದು ಕಷ್ಟ" ಎಂದದ್ದನ್ನು "ಇದು ಕೆಟ್ಟ ಕಥೆ" ಎಂದೇ ಓದಿಕೊಳ್ಳುತ್ತಾರೆ.

ಪಿಚ್ 2 ತೆಗೆಯುವಾಗ ಗಮನಿಸಬೇಕಾದ್ದು ತುಂಬ ಉಂಟು. ನಟಿಸುವ ಹುಡುಗಿಗೆ 14 ತುಂಬಿಲ್ಲ. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ವಿರಾಮ ಕೊಡದೆ 3 ಗಂಟೆ ದಾಟುವ ಹಾಗಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ. 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಕಥೆಯಲ್ಲಿ ಅವಳು ಕಟ್ಟುವುದೆಲ್ಲ ರಾತ್ರಿ. ದಿನಕ್ಕೆ 5 ಗಂಟೆ ಎಂದಾಗ ಒಂದೇ ಹುಡುಗಿ ಮೇಲೆ ನಾಲ್ಕು ರಾತ್ರಿ ದೃಶ್ಯ ಒಂದು ದಿನದಲ್ಲಿ ಮುಗಿಯುವುದಿಲ್ಲ. ಹಗಲಲ್ಲಿ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ತೆಗೆಯುವ ಒಳಕೋಣೆ ಹುಡುಕಿ. ತಂಬಾಕಿನ ಬದಲು ಚಾ ಸೊಪ್ಪು ಪುಡಿ ಮಾಡಿ ಇಡಿ, ಮಗುವಿನ ಕೈಗೆ ನಿಜವಾದ ತಂಬಾಕು ಕೊಡಲೇಬೇಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ತಂಬಾಕಿನ ಉತ್ಪನ್ನ ಪರದೆ ಮೇಲೆ ಕಾಣುವಷ್ಟು ಹೊತ್ತೂ ಕೆಳಗೆ ಆರೋಗ್ಯ ಎಚ್ಚರಿಕೆ ಸಾಲು ಇರಬೇಕು. ಸೇದುವಾಗ ಮಾತ್ರ ಅಲ್ಲ, ಸುಮ್ಮನೆ ತೋರಿಸಿದರೂ ಬೇಕು. 2023ರ ಸೆಪ್ಟೆಂಬರ್‌ನಿಂದ ಒಟಿಟಿಗೂ ಈ ನಿಯಮ ಬಂದಿದೆ. ಬೀಡಿಯೇ ಕಥೆಯಾಗಿರುವ 10 ನಿಮಿಷದ ಚಿತ್ರದಲ್ಲಿ ಆ ಸಾಲು ಎಷ್ಟು ಹೊತ್ತು ನಿಲ್ಲುತ್ತದೆ ಯೋಚಿಸಿ. ಬರೆಯುವಾಗಲೇ ಯಾವ ದೃಶ್ಯದಲ್ಲಿ ಬೀಡಿ ನೇರ ಕಾಣಬೇಕು, ಎಲ್ಲಿ ಕತ್ತರಿಯ ಸದ್ದು, ಕೈಯ ಚಲನೆ, ಮುಖ ಸಾಕು ಎಂದು ನಿರ್ಧರಿಸಿದರೆ ಒಳ್ಳೆಯದು.

ಧಕ್ಕೆಬದಿ

ಭಾಷೆಯ ವಿಷಯ ಯಾರೂ ಎತ್ತಿಲ್ಲ. ಪಿಚ್ ಕನ್ನಡದಲ್ಲಿದೆ, ಆದರೆ ಮಲ್ಪೆಯ ಕಲಾಸಿ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾನೆ? ಉಳ್ಳಾಲದ ಅಜ್ಜಿ ಬ್ಯಾರಿಯಾ, ತುಳುವಾ, ಕೊಂಕಣಿಯಾ? "ಸಂಭಾಷಣೆ ತುಳುವಿನಲ್ಲಿ, ಕನ್ನಡ ಸಬ್‌ಟೈಟಲ್" ಎಂದು ಪಿಚ್‌ನಲ್ಲೇ ಬರೆಯಬೇಕು. ನಟರ ಆಯ್ಕೆ, ಮಾತಿನ ಉದ್ದ ಎಲ್ಲ ಅದರ ಮೇಲೆ ನಿಂತಿದೆ. ಅಭಿಪ್ರಾಯ ಹೇಳುವವರು "ಕನ್ನಡದಲ್ಲಿ ಮಾಡಿದರೆ ಹೆಚ್ಚು ಜನ ನೋಡ್ತಾರೆ" ಎಂದು ಸಲಹೆ ಕೊಡುವುದು ಬೇಡ. ಕಲಾಸಿ ಮಗಳ ಹತ್ತಿರ ಪುಸ್ತಕದ ಕನ್ನಡ ಮಾತಾಡಿದರೆ ಉಳಿದದ್ದು ಎಷ್ಟು ನಿಜವಾಗಿದ್ದರೂ ಪ್ರಯೋಜನ ಇಲ್ಲ.

ಚೌಕಿಮನೆ

ಪಿಚ್ 3. ಅರ್ಥವಾದದ್ದು: ಸತ್ತ ಕಲಾವಿದ ತನ್ನ ಕೊನೆಯ ಆಟ ಆಡಿ ಮುಗಿಸುತ್ತಾನೆ.

ಮೊದಲು ಇದರಲ್ಲಿ ಗಟ್ಟಿಯಾಗಿರುವುದು ಯಾವುದು ಎಂದು ಹೇಳುತ್ತೇನೆ: ಚುಟ್ಟಿ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಖದ ಮೇಲೆ ಸಾಲಾಗಿ ಒಂದೊಂದೇ ಮುಳ್ಳು ಎಬ್ಬಿಸುವುದು, ಒಣಗುವ ತನಕ ಕಾಯುವುದು, ಮೇಲಿಂದ ಇನ್ನೊಂದು ಸುತ್ತು. ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತೂ ಬಾಯಿ ತೆರೆದು ಮಾತಾಡುವ ಹಾಗಿಲ್ಲ, ಬಿರುಕು ಬಿಡುತ್ತದೆ. ಮಾತಾಡಲು ಆಗದ ಒಬ್ಬ ಮನುಷ್ಯ, ಸುತ್ತ ಮಾತಾಡುವ ಚೌಕಿ. ಸಿನಿಮಾ ಅಲ್ಲೇ ಉಂಟು! ಪಿಚ್ ಅದನ್ನು ಒಂದು ಪದದಲ್ಲಿ ದಾಟಿಸಿ ನೆನಪುಗಳ ಕಡೆ ಓಡಿದೆ. ಬರೆದವರಿಗೆ ನನ್ನ ಪ್ರಶ್ನೆ: ಆ ಹೊತ್ತಿನಲ್ಲಿ ಅವನಿಗೆ ಯಾರ ಹತ್ತಿರವಾದರೂ ಏನಾದರೂ ಹೇಳಲೇಬೇಕಾಗಿದೆಯಾ?

ಕೊನೆಯ ತಿರುವಿನ ಬಗ್ಗೆ. "ಅವನು ಮೊದಲೇ ಸತ್ತಿದ್ದ" ಎಂಬ ತಿರುವು ಎಲ್ಲರೂ ಬಳಸಿದ್ದು ಎಂಬ ಕಾರಣಕ್ಕೆ ಬೇಡ ಎನ್ನುವುದಿಲ್ಲ. ತಿರುವು ಗೊತ್ತಾದ ಮೇಲೆ ಹಿಂದಿನ ದೃಶ್ಯಗಳನ್ನು ಮತ್ತೆ ನೆನೆದರೆ ಅವು ಬೇರೆಯಾಗಿ ಕಾಣಬೇಕು. ಇಲ್ಲಿ ಅವನು ಚೌಕಿಯಲ್ಲಿ ಕೂತು ಚುಟ್ಟಿ ಇಡುತ್ತಾನೆ, ಸಾವಿರ ಜನ ನೋಡುತ್ತಾರೆ. ಅವರೆಲ್ಲ ಯಾರನ್ನು ನೋಡಿದರು? ಪಿಚ್‌ನಲ್ಲಿ ಒಂದು ಸುಳಿವೂ ಇಲ್ಲ. ಸುಳಿವು ಇಲ್ಲದ ತಿರುವಿನಲ್ಲಿ ಪ್ರೇಕ್ಷಕನಿಗೆ ಬೆರಗು ಆಗುವುದಿಲ್ಲ, ಮೋಸ ಹೋದ ಹಾಗೆ ಆಗುತ್ತದೆ.

ತೆಗೆಯುವಾಗ ಗಮನಿಸಬೇಕಾದ್ದು: ಮಲ್ಪೆಯಲ್ಲಿ ಕಡಲು ಪಡುವಣಕ್ಕೆ. ಸೂರ್ಯ ಕಡಲಿಗೆ ಇಳಿಯುತ್ತಾನೆ, ಕಡಲಿನಿಂದ ಏಳುವುದಿಲ್ಲ. ಪಿಚ್ ಓದಿದ ಸ್ಥಳೀಯರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮೇಳಗಳ ತಿರುಗಾಟ ಪತ್ತನಾಜೆಗೆ, ಎಂದರೆ ಮೇ 24ರ ಆಸುಪಾಸಿಗೆ ಮುಗಿಯುತ್ತದೆ. ನಿಜವಾದ ಆಟದ ಜನಸಂದಣಿ ಬೇಕಾದರೆ ಅದಕ್ಕೆ ಮೊದಲು ಮೇಳದ ಯಜಮಾನರ ಒಪ್ಪಿಗೆ ಪಡೆದು ತೆಗೆಯಬೇಕು. ಆಮೇಲೆ ಸಾವಿರ ಜನರನ್ನು ನೀವೇ ಸೇರಿಸಬೇಕಾಗುತ್ತದೆ. ಚುಟ್ಟಿಯನ್ನು ಒಂದು ದಿನಕ್ಕೆ ಎರಡು ಸಲ ಇಡಲು ಆಗುದಿಲ್ಲ. ಆದ್ದರಿಂದ ಖಾಲಿ ಮುಖದಿಂದ ಪೂರ್ತಿ ವೇಷದ ತನಕ ಕಥೆಯ ಕ್ರಮದಲ್ಲೇ ತೆಗೆಯಬೇಕು, ರೀಟೇಕ್ ಎಂಬುದು ಹೆಚ್ಚುಕಡಿಮೆ ಇಲ್ಲ. ಎರಡು ಕ್ಯಾಮೆರಾ ಇಟ್ಟುಕೊಂಡರೆ ಉಳಿಯುತ್ತೀರಿ.

ಸಂಜೆಬಸ್ಸು

ಪಿಚ್ 1ಕ್ಕೆ ಒಂದು ಐಡಿಯಾ. ಕೊನೆಯಲ್ಲಿ ಅವನು ಕೋಲಕ್ಕೆ ಹೋಗಿ ದೈವದ ಎದುರು ನಿಲ್ಲುವ ಹಾಗೆ ಮಾಡಿದರೆ? ಈಗ ಜನ ಅದನ್ನೇ ಇಷ್ಟಪಡುತ್ತಾರೆ.

ಚೌಕಿಮನೆ

ಕಥೆ ನಡೆಯುವುದು ಜೂನ್, ಜುಲೈಯಲ್ಲಿ. ಪತ್ತನಾಜೆ ಕಳೆದ ಮೇಲೆ ಕೋಲ, ನೇಮ ನಡೆಯುವುದಿಲ್ಲ. ಆ ಎರಡು ತಿಂಗಳಲ್ಲಿ ಕೋಲ ತೋರಿಸಿದರೆ ಊರಿನವರೇ ಒಪ್ಪುವುದಿಲ್ಲ. ಮತ್ತೆ, ಒಂದು ಕಥೆಗೆ ಕೊನೆ ಸಿಗಲಿಲ್ಲ ಎಂದು ದೈವವನ್ನು ತಂದು ನಿಲ್ಲಿಸುವುದು ಸರಿಯಲ್ಲ. ಅದು ಜನರ ಆರಾಧನೆ. ಕಥೆ ಹುಟ್ಟಿದ್ದೇ ಅಲ್ಲಿಂದ ಆಗಿದ್ದರೆ ಮಾತು ಬೇರೆ.

ಸಂಜೆಬಸ್ಸು

ಅರ್ಥ ಆಯಿತು ಅಣ್ಣ. ಬೇರೆ ಒಂದು ಸಂಶಯ. ಇಲ್ಲಿ ಪಿಚ್ ಹಾಕಿದರೆ ಕಥೆ ಯಾರಾದರೂ ಕದ್ದರೆ ಎಂತ ಮಾಡುದು?

ರಥಬೀದಿ (ನಿರ್ವಾಹಕರು)

ಬರೀ ಕಥೆಯ ಎಳೆಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಬರೆದು ಬೆಳೆಸಿದ ರೂಪಕ್ಕೆ ಉಂಟು. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. "ಬೀಡಿ ಕಟ್ಟುವ ಅಜ್ಜಿ, ಸಹಾಯ ಮಾಡುವ ಮೊಮ್ಮಗಳು" ಎಂಬುದನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳಲು ಆಗುದಿಲ್ಲ. ದೃಶ್ಯ, ಸಂಭಾಷಣೆ ಸಮೇತ ಬರೆದ ಚಿತ್ರಕಥೆಯನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಇಲ್ಲಿ 150 ಪದದೊಳಗಿನ ಪಿಚ್ ಮಾತ್ರ ಹಾಕಿ. ಚಿತ್ರಕಥೆ ಆದ ಮೇಲೆ ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಆನ್‌ಲೈನ್ ನೋಂದಣಿ ಮಾಡಿಸಬಹುದು, ಇಂಥ ದಿನ ಇದು ನಿಮ್ಮ ಹತ್ತಿರ ಇತ್ತು ಎಂಬುದಕ್ಕೆ ಅದು ದಾಖಲೆ.

ಪಿಚ್ 1 ಬರೆದವರು

ಎಲ್ಲರ ಮಾತು ಓದಿದೆ. ಮುಚ್ಚಿಟ್ಟ ಎರಡು ಜಾಗವನ್ನೂ ತೆರೆದು ಬರೆದಿದ್ದೇನೆ. ಸಂಭಾಷಣೆ ತುಳು.

"ಮಲ್ಪೆಯ ಪರ್ಸೀನ್ (ಸುತ್ತುಬಲೆ) ಬೋಟಿನ ಕಲಾಸಿ, ನಿಷೇಧದ ಸಮಯದಲ್ಲಿ ಶೆಡ್ಡಿನಲ್ಲಿ ಬಲೆ ಸರಿ ಮಾಡುವ ಕೂಲಿಗೆ ಹೋಗುತ್ತಾನೆ. ಮಗಳ ಫೀಸಿಗೆ ಅದು ಸಾಲುವುದಿಲ್ಲ. ಅವನು ಬಲೆಯ ಕೆಳಗಿನ ಹಗ್ಗದಿಂದ ಸೀಸದ ಗುಂಡುಗಳನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ಗುಜರಿಗೆ ಮಾರುತ್ತಾನೆ. ಆಗಸ್ಟ್‌ನಲ್ಲಿ ಮೊದಲ ದಿನ ಬಲೆ ಬಿಟ್ಟಾಗ ಒಂದು ಬದಿ ಮುಳುಗುವುದಿಲ್ಲ, ಮೀನು ಅಡಿಯಿಂದ ತಪ್ಪಿಸಿಕೊಳ್ಳುತ್ತದೆ. ಬೋಟಿನಲ್ಲಿದ್ದ ಎಲ್ಲರ ಪಾಲೂ ಹೋಗುತ್ತದೆ, ಅವನ ಪಾಲೂ."

ಎಡಿಟ್‌ಟೇಬಲ್

ಈಗ ಗೆರೆ ಎಳೆಯಿರಿ: ಬಿಚ್ಚುತ್ತಾನೆ, ಮಾರುತ್ತಾನೆ, ಮುಳುಗುವುದಿಲ್ಲ, ತಪ್ಪಿಸಿಕೊಳ್ಳುತ್ತದೆ. "ಸಮುದ್ರವೇ ಉತ್ತರ ಕೊಡುತ್ತದೆ" ಎಂದದ್ದು ಈಗ ಕಣ್ಣಿಗೆ ಕಾಣುತ್ತದೆ. ತುಂಬ ಖುಷಿಯಾಯಿತು.

ಧಕ್ಕೆಬದಿ

ಕಥೆ ನಿಂತಿತು. ಒಂದು ಕಡೆ ಮಾತ್ರ ನಂಬಲು ಕಷ್ಟ. ಬಲೆ ಶೆಡ್ಡಿನಿಂದ ಬೋಟಿಗೆ ಹೋಗುವಾಗ ಹತ್ತಿಪ್ಪತ್ತು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಎಳೆದು ಮಡಚುತ್ತಾರೆ. ಗುಂಡು ಇರುವ ಬದಿಯ ಭಾರ ಕೈಗೆ ಗೊತ್ತಾಗುತ್ತದೆ. ಅಷ್ಟು ಗುಂಡು ಇಲ್ಲದಿದ್ದರೆ ಒಬ್ಬರಿಗಾದರೂ ತಿಳಿಯದೆ ಇರುವುದಿಲ್ಲ, ಬೋಟು ನಡೆಸುವ ತಂಡೇಲನಿಗಂತೂ ಖಂಡಿತ ತಿಳಿಯುತ್ತದೆ. ಹಾಗಾದರೆ ಕಡಲಿಗೆ ಹೋಗುವ ತನಕ ಅದು ಗುಟ್ಟಾಗಿ ಉಳಿಯುವುದು ಹೇಗೆ? ಉಳಿಯುವುದಿಲ್ಲ ಎಂದಾದರೆ, ದಡದಲ್ಲೇ ಗೊತ್ತಾದರೆ ಕೊನೆ ಏನು?

ಹಂಚಿನಮಾಡು

ಆ ಪ್ರಶ್ನೆಯ ಜೊತೆ ತೆಗೆಯುವ ಲೆಕ್ಕವನ್ನೂ ನೋಡಿ. ಪರ್ಸೀನ್ ಬೋಟು ಕಡಲಿಗೆ ಕೊಂಡುಹೋಗಿ ಬಲೆ ಬಿಡಿಸುವುದು ಎಂದರೆ ಡೀಸೆಲ್, ಪೂರ್ತಿ ತಂಡದ ಕೂಲಿ, ಅಲೆಯಲ್ಲಿ ಕ್ಯಾಮೆರಾ, ಎಂಜಿನ್ ಸದ್ದಿನಲ್ಲಿ ಒಂದು ಮಾತೂ ಬಳಸಲು ಸಿಗುವುದಿಲ್ಲ. ದಡದಲ್ಲಾದರೆ ಒಂದು ಕ್ಯಾಮೆರಾ, ಎರಡು ದಿನ ಸಾಕು. ಶೆಡ್ಡಿನ ದೃಶ್ಯಕ್ಕೆ ಮಾತ್ರ ಹಂಚಿನ ಮಾಡು ಇರುವ ಜಾಗ ಹುಡುಕಿ. ಶೀಟಿನ ಮಾಡಿಗೆ ಜುಲೈ ಮಳೆ ಬಿದ್ದರೆ ಮೈಕು ಎದೆಗೆ ಸಿಕ್ಕಿಸಿದರೂ ಮಾತು ಕೇಳುವುದಿಲ್ಲ, ಆಮೇಲೆ ಡಬ್ಬಿಂಗ್ ಮಾಡಬೇಕಾಗುತ್ತದೆ.

ಪಿಚ್ 1 ಬರೆದವರು

ದಡದಲ್ಲೇ ಗೊತ್ತಾಗುವ ಹಾಗೆ ಇನ್ನೊಂದು ಸಲ ಬರೆಯುತ್ತೇನೆ. ಬಲೆ ಏರಿಸುವ ಸಾಲಿನಲ್ಲಿ ಅವನೂ ನಿಂತಿರುತ್ತಾನೆ, ಅಷ್ಟು ಈಗಲೇ ಕಾಣುತ್ತಿದೆ. ಬಲೆ ಏರಿಸುವುದನ್ನು ನಿಜವಾಗಿ ನಡೆಯುವಾಗಲೇ ತೆಗೆಯಲು ಆಗುತ್ತದಾ?

ಧಕ್ಕೆಬದಿ

ಆಗುತ್ತದೆ. ಜುಲೈ ಕೊನೆಯ ವಾರ ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಅದೇ ಕೆಲಸ. ಆದರೆ ಆ ವಾರ ಬೋಟಿನವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ, ನಿಮಗಾಗಿ ಕೆಲಸ ನಿಲ್ಲಿಸಲಿಕ್ಕಿಲ್ಲ. ಜೂನ್‌ನಲ್ಲೇ ಒಬ್ಬ ಮಾಲೀಕರ ಹತ್ತಿರ ಮಾತಾಡಿ, ಕಥೆ ಪೂರ್ತಿ ಹೇಳಿ, ಕಲಾಸಿ ಗುಂಡು ಮಾರುವ ವಿಷಯವನ್ನೂ ಮುಚ್ಚಿಡದೆ ಹೇಳಿ. ಬಂದರಿನ ಒಳಗೆ ಕ್ಯಾಮೆರಾ ಇಡಲು ಮೀನುಗಾರಿಕೆ ಇಲಾಖೆಯ ಬಂದರು ಕಚೇರಿಯಲ್ಲಿ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಇಟ್ಟುಕೊಳ್ಳಿ. ನಿಮ್ಮ ನಟನನ್ನು ಎರಡು ದಿನ ಮೊದಲೇ ಆ ಸಾಲಿನಲ್ಲಿ ನಿಲ್ಲಿಸಿ ಬಲೆ ಎಳೆಯಲು ಕಲಿಸಿ, ಹೊಸ ಕೈ ಎಂದು ದೂರದಿಂದಲೇ ಗೊತ್ತಾಗುತ್ತದೆ.